ಮೇಣದಕ್ಕ ಬಯಸಿದ ಸಂಜೆ

ಇದ್ದಿಲು ತೊಳೆದರೆ ಬೆಳ್ಳಗಾದೀತೇ ಎಂದು ಗಾದೆ ಕಟ್ಟಿದವರು ಮೇಣದಕ್ಕನ ಊರನ್ನು ನೋಡಿರಲಿಲ್ಲ. ಅಲ್ಲಿ ಕಲ್ಲಿದ್ದಲನ್ನು ಪುಡಿ ಮಾಡಿ, ಉಗಿ ಕೊಟ್ಟು ಕಾಯಿಸಿ ಅನಿಲ ಮಾಡುತ್ತಿದ್ದರು. ಆ ಅನಿಲವನ್ನು ಎತ್ತರದ ಉಕ್ಕಿನ ಪಾತ್ರೆಗಳಲ್ಲಿ ಹಾಯಿಸಿದರೆ ಕೆಳಗೆ ಎಣ್ಣೆ ಇಳಿಯುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಗಾಜಿನ ಲೋಟದಲ್ಲಿ ಹಿಡಿದರೆ ಬಾವಿ ನೀರು ಎನ್ನಬೇಕು. ಆ ಎಣ್ಣೆ ಕೊಳವೆಯಲ್ಲಿ ಹರಿದು ಪಕ್ಕದ ಪವರ್ ಹೌಸಿಗೆ ಬರುತ್ತಿತ್ತು. ಅಲ್ಲಿ ಮನೆಯಷ್ಟು ದೊಡ್ಡ ಎಂಜಿನುಗಳು ಅದನ್ನು ಕುಡಿದು ಕರೆಂಟು ಕೊಡುತ್ತಿದ್ದವು. ಕರೆಂಟಿನಲ್ಲಿ ಒಂದು ಪಾಲು ಊರಿಗೆ, ದೊಡ್ಡ ಪಾಲು ಮತ್ತೆ ಎಣ್ಣೆ ಕಾರ್ಖಾನೆಗೇ. ಕಾರ್ಖಾನೆಯ ಎಣ್ಣೆ ಇಲ್ಲದೆ ಪವರ್ ಹೌಸ್ ಇಲ್ಲ, ಪವರ್ ಹೌಸಿನ ಕರೆಂಟಿಲ್ಲದೆ ಕಾರ್ಖಾನೆ ಇಲ್ಲ. ಗಂಡ ಹೆಂಡತಿ ಇದ್ದ ಹಾಗೆ ಎಂದು ಊರಿನವರು ಹೇಳುತ್ತಿದ್ದರು. ಈ ಮಾತು ಕೇಳಿದಾಗಲೆಲ್ಲ ಮೇಣದಕ್ಕನಿಗೆ ಮೈ ಉರಿಯುತ್ತಿತ್ತು. ಏಕೆಂದರೆ ಅವಳು ಇದ್ದದ್ದು ಪವರ್ ಹೌಸಿನಲ್ಲಿ, ಅವಳ ಗಂಡ ಇದ್ದದ್ದು ಎಣ್ಣೆ ಕಾರ್ಖಾನೆಯಲ್ಲಿ, ಮತ್ತು ಅವರಿಬ್ಬರೂ ಸರಿಯಾಗಿ ಒಟ್ಟಿಗೆ ಕುಳಿತು ಎಷ್ಟು ಕಾಲವಾಗಿತ್ತೋ ಅವರಿಗೇ ಗೊತ್ತಿರಲಿಲ್ಲ.

ಮೇಣದಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಲ್ಲಿದ್ದಲಿನ ಎಣ್ಣೆಗೆ ಒಂದು ದುರ್ಗುಣವಿದೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಅದರೊಳಗಿನ ಮೇಣ ಹೆಪ್ಪುಗಟ್ಟುತ್ತದೆ. ಆ ಮೇಣ ಎಂಜಿನಿಗೆ ಹೋಗದ ಹಾಗೆ ಎಣ್ಣೆಯನ್ನು ಸೋಸುವ ಒಂದು ಸಣ್ಣ ಕೋಣೆ ಪವರ್ ಹೌಸಿನ ಹಿಂಭಾಗದಲ್ಲಿತ್ತು. ಅದರಲ್ಲಿ ಎರಡು ದೊಡ್ಡ ಫಿಲ್ಟರುಗಳು. ಒಂದರಲ್ಲಿ ಎಣ್ಣೆ ಸೋಸುತ್ತಿರುವಾಗ ಇನ್ನೊಂದರ ಜಾಲರಿಯನ್ನು ಎತ್ತಿ, ಮೇಣ ಕೆರೆದು, ತೊಳೆದು ಇಡಬೇಕು. ತೊಳೆದಿಟ್ಟ ಫಿಲ್ಟರಿಗೆ ಮೊದಲು ಉಗಿ ಬಿಟ್ಟು ಬೆಚ್ಚಗೆ ಮಾಡಿ, ಬೆಚ್ಚಗಾದ ಮೇಲೆಯೇ ಎಣ್ಣೆಯನ್ನು ಅತ್ತ ತಿರುಗಿಸಬೇಕು. ತಣ್ಣಗಿರುವಾಗಲೇ ತಿರುಗಿಸಿದರೆ ಮೇಣ ಒಂದೇ ಏಟಿಗೆ ಜಾಲರಿಯನ್ನು ಮುಚ್ಚಿಬಿಡುತ್ತದೆ. ಹಗಲು ಹೊತ್ತು ಈ ಕೆಲಸ ಅವಳದು, ರಾತ್ರಿ ಹೊತ್ತು ಕೆಮ್ಮಿನ ತಾತನದು. ತಾತ ಅಂದರೆ ನಿಜವಾದ ತಾತನೇನಲ್ಲ, ನಿವೃತ್ತಿಗೆ ಹತ್ತಿರವಾದ ಸಾಧು ಮನುಷ್ಯ. ಎಂಜಿನಿನ ಸದ್ದಿನ ನಡುವೆಯೂ ಅವನ ಕೆಮ್ಮು ಕೇಳಿಸುತ್ತಿತ್ತು. ದಿನವಿಡೀ ಮೇಣ ಮುಟ್ಟಿ ಮುಟ್ಟಿ ಮೇಣದಕ್ಕನ ಕೈ ಮಾತ್ರ ವಯಸ್ಸಾದರೂ ಮದುಮಗಳ ಕೈಯಂತೆ ನುಣುಪಾಗಿತ್ತು. ಆ ಕೈ ಹಿಡಿಯುವವನಿಗೆ ಪುರುಸೊತ್ತಿರಲಿಲ್ಲ, ಅಷ್ಟೆ.

ಅವಳು ಹುಟ್ಟಿದ್ದು ಕಲ್ಲಿದ್ದಲ ಅಂಗಳದ ಪಕ್ಕದ ಸಾಲುಮನೆಯಲ್ಲಿ. ಅಪ್ಪ ಅಂಗಳದ ಕೆಲಸಗಾರ. ರೈಲಿನಿಂದ ಇಳಿದ ಕಲ್ಲಿದ್ದಲು ರಬ್ಬರ್ ಪಟ್ಟಿಯ ಮೇಲೆ ಸಾಗಿ ಕಾರ್ಖಾನೆಯೊಳಕ್ಕೆ ಹೋಗುತ್ತಿತ್ತು, ಅಪ್ಪ ಆ ಪಟ್ಟಿಗೆ ಸಲಿಕೆಯಲ್ಲಿ ಉಣಿಸುತ್ತಿದ್ದ. ಆ ಕಾಲದಲ್ಲಿ ಕರೆಂಟು ಆಗಾಗ ಹೋಗುತ್ತಿತ್ತು. ಕರೆಂಟು ಹೋದರೆ ಪಟ್ಟಿ ನಿಲ್ಲುತ್ತಿತ್ತು, ಪಟ್ಟಿ ನಿಂತರೆ ಅಂಗಳದವರಿಗೆ ಬಿಡುಗಡೆ. ಅಪ್ಪ ಬಿಸಿಲಿರುವಾಗಲೇ ಮನೆಗೆ ಬಂದು, ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ತಲೆಗೆ ನೀರು ಸುರಿದುಕೊಂಡು, ಬಾಗಿಲ ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಬಂದು ಕೂರುತ್ತಿದ್ದ. ಇಬ್ಬರೂ ಹಾಳು ಹರಟೆ ಹೊಡೆಯುತ್ತಿದ್ದರು. ಯಾರ ಮನೆಯ ಬೆಕ್ಕು ಮರಿ ಹಾಕಿತು, ಯಾರ ಚಪ್ಪಲಿ ಯಾರು ಹಾಕಿಕೊಂಡು ಹೋದರು, ಇಂಥವೇ. ಕತ್ತಲಾದ ಮೇಲೂ ದೀಪವಿಲ್ಲದೆ ಅಮ್ಮ ನಗುವ ಸದ್ದು ಕೇಳುತ್ತಿತ್ತು. ಬೇರೆ ಮಕ್ಕಳು ಕರೆಂಟು ಹೋದರೆ ಹೆದರಿ ಅಳುತ್ತಿದ್ದರು, ಇವಳು ಮಾತ್ರ ಕುಣಿಯುತ್ತಿದ್ದಳು. ಕರೆಂಟು ಹೋಗುವುದೆಂದರೆ ಅಪ್ಪ ಮನೆಗೆ ಬರುವುದು ಎಂದು ಅವಳ ತಲೆಯಲ್ಲಿ ಅಂದೇ ಕೂತುಬಿಟ್ಟಿತು, ಮತ್ತೆ ಏಳಲಿಲ್ಲ.

ಮದುವೆಯಾದದ್ದೂ ಅದೇ ಅಂಗಳದಲ್ಲಿ ಸಲಿಕೆ ಹಿಡಿದಿದ್ದ ಒಬ್ಬ ಹುಡುಗನನ್ನು. ಮಾತು ಕಡಿಮೆ, ಕೈ ದೊಡ್ಡದು. ಹೊಸದರಲ್ಲಿ ಇಬ್ಬರೂ ಹಗಲು ಕೆಲಸ ಮಾಡಿ ಸಂಜೆ ಒಟ್ಟಿಗೆ ಮನೆಯಲ್ಲಿರುತ್ತಿದ್ದರು. ಮೆಟ್ಟಿಲ ಮೇಲೆ ಕೂರಲು ಶುರುಮಾಡಿದ್ದರು ಕೂಡ. ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಬಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿಹೋಯಿತು, ಬಾಯಿ ಮಾತ್ರ ಮೊದಲಿನ ಹಾಗೇ ಇತ್ತು. ಹಾಸಿಗೆ ಹಿಡಿದವರನ್ನು ಇಡೀ ಹಗಲು ಒಬ್ಬರನ್ನೇ ಬಿಡುವುದು ಹೇಗೆ? ಆಗ ಗಂಡ ಯಾರೂ ಬೇಡವೆನ್ನುವ ಕೆಲಸವೊಂದನ್ನು ಕೇಳಿ ಪಡೆದ. ಎಣ್ಣೆ ಇಳಿಯುವ ಆ ಉಕ್ಕಿನ ಪಾತ್ರೆಗಳ ಕಟ್ಟಡಕ್ಕೆ ಹಂಡೆ ಮನೆ ಎಂದು ಹೆಸರು. ಅಲ್ಲಿ ಖಾಯಂ ರಾತ್ರಿ ಪಾಳಿ. ರಾತ್ರಿ ದುಡಿದು ಹಗಲು ತಾಯಿಯ ಪಕ್ಕ ಮಲಗುತ್ತೇನೆ, ಹಗಲು ದುಡಿದು ರಾತ್ರಿ ನೀನಿರು ಎಂದು ಹೆಂಡತಿಗೆ ಹೇಳಿದ. ಸ್ವಲ್ಪ ದಿನ ತಾನೇ, ಎಂದುಕೊಂಡರು ಇಬ್ಬರೂ. ಅತ್ತೆ ಮಾತ್ರ ಗಟ್ಟಿ ಜೀವ, ಯಾರ ಲೆಕ್ಕಕ್ಕೂ ಸಿಗಲಿಲ್ಲ. ಅಂಗಳದ ಹುಡುಗ ಹಂಡೆಯಣ್ಣನಾಗಿ ನೆತ್ತಿಯ ಕೂದಲು ಕಳೆದುಕೊಂಡ.

ಪವರ್ ಹೌಸಿಗೂ ಕಾರ್ಖಾನೆಗೂ ಪಾಳಿ ಒಂದೇ ಹೊತ್ತಿಗೆ ಬದಲಾಗುತ್ತಿರಲಿಲ್ಲ. ಎರಡೂ ಕಡೆ ಒಟ್ಟಿಗೆ ಕೈ ಬದಲಾದರೆ ಎಡವಟ್ಟಾಗುತ್ತದೆ ಎಂದು ಪವರ್ ಹೌಸಿನದು ಮೊದಲು, ಒಂದು ಗಂಟೆ ಬಿಟ್ಟು ಕಾರ್ಖಾನೆಯದು. ಹಾಗಾಗಿ ಸಂಜೆ ಅವಳು ಮನೆಗೆ ಬರುವಾಗ ಅವನು ಕೆಲಸಕ್ಕೆ ಹೊರಟಿರುತ್ತಿದ್ದ. ರೈಲು ಹಳಿಗಳ ಮೇಲಿನ ಕಾಲುಸೇತುವೆಯಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಇವರಿಬ್ಬರೇ ಅಲ್ಲ, ಊರಿನಲ್ಲಿ ಇಂಥ ಜೋಡಿಗಳು ಬಹಳ. ಹೋಗುವವರು ಎಡಕ್ಕೆ, ಬರುವವರು ಬಲಕ್ಕೆ. ನಡೆಯುತ್ತಲೇ ಬೀಗದ ಕೈ ಈ ಕೈಯಿಂದ ಆ ಕೈಗೆ ದಾಟುತ್ತಿತ್ತು, ಒಮ್ಮೊಮ್ಮೆ ಮಲಗಿದ ಕೂಸೂ ದಾಟುತ್ತಿತ್ತು. ಬೀಗದ ಕೈ ಸೇತುವೆ ಎಂದೇ ಅದಕ್ಕೆ ಹೆಸರು. ನಿಂತರೆ ಹಿಂದಿನವರು ಬೈಯುತ್ತಿದ್ದರು. ಅಮ್ಮನಿಗೆ ಮಾತ್ರೆ ಕೊಟ್ಟಾಯಿತು, ಹಾಲು ಒಡೆಯಿತು, ನಲ್ಲಿಯಲ್ಲಿ ನೀರು ಬರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಜನರ ನೂಕಿನಲ್ಲಿ ಅವನು ಆ ಕಡೆಗೆ, ಇವಳು ಈ ಕಡೆಗೆ.

ವಾರದ ರಜೆಯೂ ಬೇರೆ ಬೇರೆ ದಿನ. ಅವಳ ರಜೆಯ ಹಗಲು ಅವನು ಗೊರಕೆ ಹೊಡೆಯುತ್ತಿರುತ್ತಿದ್ದ. ಅವಳು ಪಾತ್ರೆ ಸದ್ದು ಮಾಡದೆ, ಕಾಳು ಬಿಡಿಸುತ್ತಾ ಪಕ್ಕದಲ್ಲಿ ಕೂತು ಆ ಮುಖ ನೋಡುತ್ತಿದ್ದಳು. ಅವನ ರಜೆಯ ರಾತ್ರಿ ಅವನಿಗೆ ನಿದ್ದೆ ಬಾರದು, ಅವಳಿಗೆ ಎಚ್ಚರ ಇರಲಾಗದು. ಈ ಸಲ ಮಲಗಲೇಬಾರದು ಎಂದು ಹಟ ತೊಟ್ಟು ಮಾತು ಶುರುಮಾಡಿ, ತುತ್ತು ಬಾಯಲ್ಲಿರುವಾಗಲೇ ತೂಕಡಿಸಿದ್ದುಂಟು. ಮಕ್ಕಳಾಗಲಿಲ್ಲ. ಆಗಬೇಕಾದರೆ ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿರಬೇಕಲ್ಲಮ್ಮ ಎಂದು ಬೀದಿಯ ಹೆಂಗಸರು ತಮಾಷೆ ಮಾಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕು ಒಳಗೆ ಬಂದು ಅವಳು ಅಳುತ್ತಿದ್ದಳು.

ಒಂದೇ ಒಂದು ಸಮಾಧಾನವಿತ್ತು. ಹಂಡೆ ಮನೆಯಲ್ಲಿ ಎಣ್ಣೆಯ ಜೊತೆ ಬಿಳಿ ಮೇಣವೂ ಇಳಿಯುತ್ತದೆ, ಬಿಸಿಯಾಗಿರುವಾಗ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ರಾತ್ರಿಯ ಊಟದ ಡಬ್ಬಿ ಖಾಲಿಯಾದ ಮೇಲೆ ಗಂಡ ಆಗೊಮ್ಮೆ ಈಗೊಮ್ಮೆ ಅದರಲ್ಲಿ ಒಂದು ಮುಷ್ಟಿ ಮೇಣ ಹಾಕಿ ತರುತ್ತಿದ್ದ, ಮೇಣದ ಬತ್ತಿಗಾಗಲಿ ಎಂದು. ಸಂಜೆ ಅವಳು ಡಬ್ಬಿ ತೆರೆದರೆ ಒಳಗೆ ಗಟ್ಟಿಯಾದ ಮುದ್ದೆ, ಅದರ ಮೇಲೆ ಅವನ ನಾಲ್ಕು ಬೆರಳು, ಅಂಗೈಯ ಗೆರೆ, ಎಲ್ಲ ಅಚ್ಚೊತ್ತಿದಂತೆ. ಅವಳು ಒಂದನ್ನೂ ಬತ್ತಿ ಮಾಡಲಿಲ್ಲ. ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಇಟ್ಟಳು. ಯಾರೂ ಇಲ್ಲದಾಗ ಒಂದನ್ನು ಕೆಳಗಿಳಿಸಿ, ಆ ಬೆರಳಿನ ಗುಳಿಗಳಲ್ಲಿ ತನ್ನ ಬೆರಳಿಟ್ಟು ಕೂರುತ್ತಿದ್ದಳು. ತಣ್ಣಗಿರುತ್ತಿತ್ತು. ಆದರೂ ಅದು ಅವನ ಕೈಯೇ.

ಕಡೆಗೊಮ್ಮೆ ಅತ್ತೆ ತೀರಿಕೊಂಡರು. ಸಾಯುವ ಮುಂಚೆ ಸೊಸೆಯ ಕೈ ಹಿಡಿದು, ನಿನ್ನ ಗಂಡನ್ನ ನಾನೇ ಇಟ್ಟುಕೊಂಡುಬಿಟ್ಟೆ ಕಣೇ, ಎಂದಿದ್ದರು. ದುಃಖವೆಲ್ಲ ಕಳೆದ ಮೇಲೆ ಮೇಣದಕ್ಕನಿಗೆ ಒಂದು ಆಸೆ ಚಿಗುರಿತು. ಇನ್ನು ಅವನು ರಾತ್ರಿ ಹೋಗಬೇಕಾದ ಕಾರಣವೇ ಇಲ್ಲವಲ್ಲ. ಅವನೂ ಹೋಗಿ ಹಗಲು ಪಾಳಿ ಕೇಳಿದ. ನಿಮ್ಮ ಬದಲು ರಾತ್ರಿಗೆ ಬರುವವರನ್ನು ಕರೆದುಕೊಂಡು ಬನ್ನಿ, ಎಂದರು ಕಾರ್ಖಾನೆಯವರು. ಯಾರು ಬರುತ್ತಾರೆ? ಹೋಗುವಾಗ ತೆರೆದಿದ್ದ ಬಾಗಿಲು ಬರುವಾಗ ಮುಚ್ಚಿತ್ತು. ಮನೆಯಲ್ಲಿ ಕಾಯಿಲೆಯವರಿಲ್ಲ, ಕೂಸಿಲ್ಲ, ಅಡ್ಡಿಯಿಲ್ಲ. ಆದರೂ ಒಬ್ಬರು ಎದ್ದಾಗ ಒಬ್ಬರು ಮಲಗುವುದು ತಪ್ಪಲಿಲ್ಲ. ಒಂದೇ ಒಂದು ಸಂಜೆ, ಇಬ್ಬರೂ ಕಣ್ಣು ಬಿಟ್ಟುಕೊಂಡು, ಮೆಟ್ಟಿಲ ಮೇಲೆ ಕೂತು ಹಾಳು ಹರಟೆ ಹೊಡೆಯಬೇಕು. ಅವಳು ಬಯಸಿದ್ದು ಇಷ್ಟೇ. ಬಂಗಾರ ಬಯಸಿದ್ದರೆ ಯಾರಾದರೂ ಸಾಲ ಕೊಡುತ್ತಿದ್ದರು, ಸಂಜೆಯನ್ನು ಕೊಡುವವರಿರಲಿಲ್ಲ.

ಆ ವರ್ಷ ಚಳಿ ಬಿಗಿಯಾಗಿ ಬಂತು. ಜಾಲರಿ ಕೆರೆದು ಕೆರೆದು ಸಾಕಾಗಿದ್ದ ಒಂದು ಮಧ್ಯಾಹ್ನ ಅವಳಿಗೆ ಅಪ್ಪನ ನೆನಪಾಯಿತು. ಕರೆಂಟು ಹೋದರೆ ಪಟ್ಟಿ ನಿಲ್ಲುತ್ತದೆ. ಪಟ್ಟಿ ನಿಂತರೆ ಮನೆಗೆ ಬರುತ್ತಾರೆ. ಈಗೀಗ ಪವರ್ ಹೌಸ್ ಪೂರ್ತಿ ನಿಂತದ್ದೇ ಇಲ್ಲ; ನಿಲ್ಲದಿರುವುದಕ್ಕೆ ಮುಖ್ಯ ಕಾರಣ ಅವಳದೇ ಈ ಎರಡು ಕೈ. ತನ್ನ ಗಂಡ ಮನೆಗೆ ಬಾರದ ಹಾಗೆ ತಾನೇ ಇಷ್ಟು ಕಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆನಲ್ಲ ಎಂದು ಅನಿಸಿದ್ದೇ, ಆ ಯೋಚನೆ ಅವಳನ್ನು ಬಿಡಲಿಲ್ಲ. ಎಂಜಿನುಗಳಿಗೆಲ್ಲ ಎಣ್ಣೆ ಹೋಗುವುದು ಈ ಎರಡು ಫಿಲ್ಟರಿನ ಮೂಲಕವೇ. ಬೆಳಿಗ್ಗೆ ನಿಂತರೆ ಸರಿಮಾಡಲು ಸಂಜೆಯಾಗುತ್ತದೆ. ಸಂಜೆಯವರೆಗೆ ಕಾರ್ಖಾನೆ ಇಲ್ಲದಿದ್ದರೆ ಅವನಿಗೆ ಪಾಳಿಯಿಲ್ಲ. ಆಸ್ಪತ್ರೆಗೆ ಅದರದೇ ಸಣ್ಣ ಎಂಜಿನಿದೆ, ಯಾರಿಗೂ ತೊಂದರೆಯಿಲ್ಲ. ಬುದ್ಧಿ ಕೆಟ್ಟಾಗ ಲೆಕ್ಕ ಬಹಳ ಚೆನ್ನಾಗಿ ಕೂಡುತ್ತದೆ.

ಚಳಿ ಜಾಸ್ತಿಯಿದ್ದ ಒಂದು ಬೆಳಗ್ಗೆ ಕೆಮ್ಮಿನ ತಾತ ಎಂದಿನಂತೆ, ಒಂದು ಫಿಲ್ಟರ್ ತುಂಬಿದೆ, ಇನ್ನೊಂದು ತೊಳೆದಿಟ್ಟಿದ್ದೀನಿ ಎಂದು ಹೇಳಿ ಹೋದ. ಗಂಡನ ಪಾಳಿ ಬಿಟ್ಟಿತೆಂದು ಕಾರ್ಖಾನೆಯ ಉಗಿ ಸೀಟಿ ಕೂಗುವವರೆಗೆ ಅವಳು ಕಾದಳು. ಅವನು ಸೇತುವೆ ದಾಟಿರಬೇಕು ಎಂದು ಅಂದಾಜಾದ ಮೇಲೆ, ಉಗಿಯ ವಾಲ್ವನ್ನು ಮುಟ್ಟದೆ, ಎಣ್ಣೆಯನ್ನು ತಣ್ಣನೆಯ ಫಿಲ್ಟರಿಗೆ ತಿರುಗಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಂಜಿನುಗಳು ಒಂದೊಂದಾಗಿ ಉಬ್ಬಸ ಬಂದವರಂತೆ ಎಳೆದೆಳೆದು ನಿಂತವು. ಅವಳಿಗೆ ನೆನಪಿರುವಷ್ಟು ಕಾಲ ಆ ಕಟ್ಟಡದಲ್ಲಿ ಅಷ್ಟು ಮೌನ ಇದ್ದಿರಲಿಲ್ಲ. ಹೊರಗೆ ಎಲ್ಲೋ ಕಾಗೆಯೊಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಅವಳಿಗೆ ಒಳಗೊಳಗೇ ನಗು ಬಂತು.

ಆಗ ಕಾರ್ಖಾನೆ ಕೂಗಿತು. ಪಾಳಿಯ ಕೂಗಲ್ಲ. ಉಗಿ ಮುಗಿಯುವವರೆಗೂ ನಿಲ್ಲದ ಉದ್ದನೆಯ ಕೂಗು. ಫೋರ್‌ಮನ್ ಫಿಲ್ಟರ್ ಕೋಣೆಗೆ ಓಡಿ ಬಂದವನು ಅದನ್ನು ಕೇಳಿ ತಲೆಯ ಮೇಲೆ ಕೈ ಹೊತ್ತ. ಏನದು ಎಂದು ಅವಳು ಕೇಳಿದಳು.

"ಹಂಡೆ ಮನೆಯವರನ್ನ ಕರೀತಿದಾರಮ್ಮ, ಯಾವ ಪಾಳಿಯವರಾದ್ರೂ ಸರಿ. ಹಂಡೆ ತಣ್ಣಗಾದ್ರೆ ಒಳಗಿನ ಮೇಣ ಎಲ್ಲ ಕಲ್ಲಾಗತ್ತೆ. ಮತ್ತೆ ಬಿಸಿ ಏರೋವರೆಗೂ ಅಲ್ಲಿಂದ ಯಾರೂ ಈಚೆಗೆ ಬರೋ ಹಾಗಿಲ್ಲ. ನಿಮ್ಮ ಯಜಮಾನ್ರು ಆಗ್ಲೇ ಓಡಿರ್ತಾರೆ."

ಅಂಗಳದವರಿಗೆ ಕರೆಂಟು ಹೋದರೆ ಕೆಲಸ ಮುಗಿಯುತ್ತದೆ. ಹಂಡೆ ಮನೆಯವರಿಗೆ ಕರೆಂಟು ಹೋದರೆ ಕೆಲಸ ಶುರುವಾಗುತ್ತದೆ. ಇದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ಏನು ಕೆಲಸ ಮಾಡುತ್ತಾನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಹುಚ್ಚಿಯಂತೆ ಎರಡೂ ಜಾಲರಿಗಳನ್ನು ಎಳೆದು ಹಾಕಿ ಕೆರೆಯತೊಡಗಿದಳು. ಉಗುರಿನ ಸಂದಿನಿಂದ ರಕ್ತ ಬಂದರೂ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಎಂಜಿನು ತಿರುಗಿತು. ಆದರೆ ಮೊದಲು ಕರೆಂಟು ಹಂಡೆಗಳಿಗೆ, ಮಿಕ್ಕರೆ ಊರಿಗೆ. ಮಿಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಕರೆಂಟು ಮಾಡುವ ಊರು ಪೂರ್ತಿ ಕತ್ತಲೆಯಾಯಿತು. ಅವಳು ಸೇತುವೆಯ ಮೇಲೆ ನಿಂತಳು. ದಿನವೂ ಬೈಯುತ್ತಿದ್ದ ಜನ ಅಂದು ಬೈಯಲಿಲ್ಲ; ಸೇತುವೆ ಅರ್ಧ ಖಾಲಿಯಿತ್ತು. ಎದುರಿನಿಂದ ಅವನು ಬರಲಿಲ್ಲ. ಇದ್ದ ಆ ಒಂದು ಗಳಿಗೆಯೂ ಹೋಗಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ದೈವದ ಮೇಲೆ ಹಾಕುವ ಹಾಗೂ ಇರಲಿಲ್ಲ, ಬಗೆದವಳೂ ಅವಳೇ, ಕೆಡಿಸಿದವಳೂ ಅವಳೇ.

ಮನೆಗೆ ಬಂದರೆ ಪಕ್ಕದ ಮನೆಯ ಟೈಲರ್ ಹೆಂಗಸು ಬಾಗಿಲಲ್ಲಿ ಕಾಯುತ್ತಿದ್ದಳು. ಅಂಗಡಿಯಲ್ಲಿ ಮೇಣದ ಬತ್ತಿ ಮುಗಿದುಹೋಗಿದೆ, ನಿಮ್ಮಲ್ಲಿ ಮೇಣ ಇದೆಯಲ್ಲಕ್ಕ, ಎಂದಳು. ಅವಳ ಹಿಂದೆ ಎದುರು ಮನೆಯ ಬಾಣಂತಿಯ ತಾಯಿ. ಅವರ ಹಿಂದೆ ಇನ್ನಿಬ್ಬರು. ಮೇಣದಕ್ಕ ಒಳಗೆ ಹೋಗಿ ಹಲಗೆಯ ಮುಂದೆ ನಿಂತಳು. ಇಲ್ಲ ಎನ್ನಬಹುದಿತ್ತು. ಆದರೆ ಈ ಕತ್ತಲು ಯಾರು ಮಾಡಿದ್ದು? ಉಪ್ಪು ತಿಂದವರು ನೀರು ಕುಡಿಯಲೇಬೇಕು. ಒಂದು ಬಾಣಲೆಯನ್ನು ಒಲೆಯ ಮೇಲಿಟ್ಟು, ಒಂದೊಂದಾಗಿ ಮುದ್ದೆಗಳನ್ನು ಇಳಿಸಿದಳು. ಬೆರಳುಗಳು ಮೊದಲು ಕರಗಿದವು, ಆಮೇಲೆ ಅಂಗೈ. ಹಳೆಯ ಬಟ್ಟೆಯ ಎಳೆಗಳನ್ನು ಬತ್ತಿ ಮಾಡಿ, ಲೋಟಗಳಲ್ಲಿ ಮೇಣ ಹೊಯ್ದು ಹಂಚಿದಳು. ಊರು ಕತ್ತಲಲ್ಲಿದ್ದ ಅಷ್ಟೂ ದಿನ ಸಂಜೆಸಂಜೆ ಹಂಚಿದಳು. ಬೀದಿಯ ಒಂದೊಂದು ಕಿಟಕಿಯಲ್ಲೂ ಸಣ್ಣ ದೀಪ ಉರಿಯುತ್ತಿತ್ತು. ಅವಳ ಮನೆಯ ಹಲಗೆ ಬರಿದಾಯಿತು.

ಎಣ್ಣೆ ಕಾರ್ಖಾನೆಯ ಗೇಟಿಗೆ ಹೆಂಗಸರು ಊಟದ ಡಬ್ಬಿ ಕೊಂಡೊಯ್ಯುತ್ತಿದ್ದರು, ಖಾಲಿ ಡಬ್ಬಿ ವಾಪಸು ಬರುತ್ತಿತ್ತು. ಇವಳ ಡಬ್ಬಿಯಲ್ಲಿ ಮೇಣವಿರಲಿಲ್ಲ. ಒಂದು ದಿನ ಡಬ್ಬಿಯನ್ನು ತೊಳೆದೂ ಇರಲಿಲ್ಲ. ಅವನು ಎಷ್ಟೇ ಸುಸ್ತಾದರೂ ಡಬ್ಬಿ ತೊಳೆಯದೆ ತರುವವನಲ್ಲ. ಒಣಗಿ ಅಂಟಿದ್ದ ಅನ್ನದ ಅಗುಳುಗಳನ್ನು ಅವಳು ಒಂದೊಂದಾಗಿ ಉಗುರಿನಿಂದ ಬಿಡಿಸಿದಳು.

ಊರಿಗೆ ಕರೆಂಟು ಬಂದ ಸಂಜೆಯೇ ಅವನೂ ಬಂದ. ಬಿಸಿಲು ಇನ್ನೂ ಮೆಟ್ಟಿಲ ಮೇಲಿತ್ತು. ಗಡ್ಡ ಬೆಳೆದಿತ್ತು, ಬಲ ಅಂಗೈಗೆ ದಪ್ಪನೆಯ ಬಟ್ಟೆ ಸುತ್ತಿದ್ದರು. ಉಗಿ ತಗಲಿತು, ಹಂಡೆಗಳೆಲ್ಲ ಉಳಿದವು, ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕೂತ. ಅವಳು ಪಕ್ಕದಲ್ಲಿ ಕೂತಳು. ಅವಳು ಬಯಸಿದ ಸಂಜೆ, ಬಯಸಿದ ಮೆಟ್ಟಿಲು, ಬಯಸಿದ ಗಂಡ. ಎಂಜಿನಿಯರು ಖುಷಿಯಾಗಿದ್ದಾರೆ, ಏನು ಬೇಕು ಕೇಳು ಅಂದರು, ಹಗಲು ಪಾಳಿ ಕೇಳಿದೆ, ಕೊಟ್ಟರು, ಇನ್ಮೇಲೆ ಸಂಜೆ ಇಬ್ಬರೂ ಮನೇಲೇ, ಎಂದ. ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ತಲೆ ಅವಳ ಭುಜಕ್ಕೆ ಒರಗಿತು. ನಿದ್ದೆ. ಬಿಸಿಲು ಇಳಿಯುವವರೆಗೆ, ದೀಪಗಳು ಹತ್ತುವವರೆಗೆ, ಅವಳು ಅಲುಗಾಡದೆ ಕೂತಿದ್ದಳು.

ಮರುದಿನ ಅವನು ಎದ್ದಾಗ ಅವಳು ಕೆಲಸಕ್ಕೆ ಹೋಗದೆ ಕಾದಿದ್ದಳು. ಬರಿದಾದ ಹಲಗೆಯನ್ನು ಅವನು ನೋಡಿದ. ಅವಳು ಎಲ್ಲ ಹೇಳಿದಳು, ಉಗಿ ಬಿಡದ್ದು, ಅಪ್ಪನ ನೆನಪು, ಮೆಟ್ಟಿಲು, ಎಲ್ಲ. ಅವನು ಬಟ್ಟೆ ಸುತ್ತಿದ ತನ್ನ ಕೈಯನ್ನು ನೋಡಿಕೊಂಡ.

"ಹಂಡೆ ನಿಂತ್ರೆ ಏನಾಗತ್ತೆ ಅಂತ ಒಂದು ಮಾತು ನನ್ನ ಕೇಳ್ಬಹುದಿತ್ತಲ್ಲೇ."

"ಎಲ್ಲಿ ಕೇಳ್ಲಿ ರೀ? ಸೇತುವೆ ಮೇಲಾ? ಮಾತ್ರೆ, ಹಾಲು, ಬೀಗದ ಕೈ. ಅಷ್ಟರಲ್ಲೇ ಸೇತುವೆ ಮುಗ್ದುಹೋಗ್ತಿತ್ತು."

ಅವನು ಹಂಡೆಯ ಕಥೆ ಹೇಳತೊಡಗಿದ. ಅದರೊಳಗೆ ಎಷ್ಟು ಕೊಳವೆಗಳಿವೆ, ಮೇಣ ಗಟ್ಟಿಯಾಗುವ ಮುಂಚೆ ಯಾವ ಸದ್ದು ಬರುತ್ತದೆ, ಅವನಿಗೆ ಯಾವ ಹಂಡೆ ಇಷ್ಟ. ಹಂಡೆಯೊಂದು ಇಷ್ಟವಾಗಬಹುದೆಂದು ಅವಳ ಕನಸಿನಲ್ಲೂ ಇರಲಿಲ್ಲ. ಅವಳು ಜಾಲರಿಯ ಕಥೆ ಹೇಳಿದಳು. ಬಿಸಿ ಮಾಡಿದ ಅನ್ನ ಎರಡು ಸಲ ಆರಿತು. ಇಷ್ಟು ದಿನ ಒಂದೇ ಹಾಸಿಗೆಯ ಎರಡು ಕಡೆ ಇದ್ದವರು ಆ ಹಗಲು ಮೊದಲ ಸಲ ಪರಿಚಯವಾದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅವನಿಗೆ ಹಗಲು ಪಾಳಿ, ಅವಳಿಗೆ ಹಗಲು ಪಾಳಿ, ಬಾಯಿ ಮುಚ್ಚಿಕೊಂಡಿದ್ದರೆ ಸಾಯುವವರೆಗೂ ಸಂಜೆಗಳು. ಆದರೆ ಮಾರನೆಯ ಬೆಳಗ್ಗೆ ಅವಳು ಪವರ್ ಹೌಸಿಗೆ ಹೋದಾಗ ಕೆಮ್ಮಿನ ತಾತ ಫೋರ್‌ಮನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ತೊಳೆದಿಟ್ಟ ಫಿಲ್ಟರನ್ನು ಅವನೇ ಸರಿಯಾಗಿ ತೊಳೆದಿರಲಿಲ್ಲ ಎಂದು ತೀರ್ಮಾನವಾಗಿತ್ತು. ತಾತನಿಗೆ ತನ್ನ ಮೇಲೇ ನಂಬಿಕೆ ಹೋಗಿತ್ತು. ವಯಸ್ಸಾಯಿತು ನೋಡು, ನಾನೇ ಏನೋ ಮರೆತಿರಬೇಕು ತಂಗಿ, ಎಂದ. ಕೆಮ್ಮು ಕೂಡ ತಗ್ಗಿಸಿ ಕೆಮ್ಮುತ್ತಿದ್ದ.

ಮೇಣದಕ್ಕ ಆ ಬೆಂಚಿನ ಪಕ್ಕ ನಿಂತಳು. ಬಾಗಿಲು ಎರಡೇ ಹೆಜ್ಜೆ. ಒಳಗೆ ಹೋದರೆ ಸಂಜೆ ಹೋಗುತ್ತದೆ, ಹೋಗದಿದ್ದರೆ ಈ ಮುದುಕನ ಮಾನ ಹೋಗುತ್ತದೆ. ಅವಳಿಗೆ ನಿಜವಾಗಿ ಓಡಿಹೋಗಬೇಕು ಎನಿಸಿತು. ಅದನ್ನು ಮುಚ್ಚಿಡುವುದೇಕೆ? ಬಹಳ ಹೊತ್ತು ನಿಂತಿದ್ದು, ಆಮೇಲೆ ಒಳಗೆ ಹೋದಳು.

ಫೋರ್‌ಮನ್ ಪೂರ್ತಿ ಕೇಳಿಸಿಕೊಂಡು ಬಾಗಿಲು ಮುಚ್ಚಿದ. "ಮರೆತೆ ಅಂತ ಹೇಳಿ. ಬೇಕಂತ ಮಾಡಿದ್ದು ಅಂದ್ರೆ ಕೆಲಸ ಹೋಗತ್ತೆ. ಮರೆತಿದ್ದು ಅಂದ್ರೆ ಖಾಯಂ ರಾತ್ರಿ ಪಾಳಿ, ಅಷ್ಟೇ. ನಾನು ಕೇಳಿಸ್ಕೊಂಡಿದ್ದು ಮರೆತೆ ಅನ್ನೋ ಮಾತು ಮಾತ್ರ."

ರಾತ್ರಿಗೆ ಅವಳು, ಹಗಲಿಗೆ ಕೆಮ್ಮಿನ ತಾತ. ಗಂಡನಿಗೆ ವಿಷಯ ಗೊತ್ತಾದ ಕೂಡಲೇ, ನನಗೆ ನನ್ನ ರಾತ್ರಿಯೇ ವಾಪಸು ಬೇಕು ಎಂದು ಹಂಡೆ ಮನೆಗೆ ಓಡಿದ. ಬಿಟ್ಟ ಜಾಗಕ್ಕೆ ಆಗಲೇ ಒಬ್ಬ ಬಂದಿದ್ದ. ಹೊಸದಾಗಿ ತಂದೆಯಾದವನು. ಹೆಂಡತಿ ಹಗಲು ಪವರ್ ಹೌಸಿನಲ್ಲಿ ಎಣ್ಣೆ ಪರೀಕ್ಷೆ ಮಾಡುವವಳು, ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಲ್ಲ. ರಾತ್ರಿ ಸಿಕ್ಕಿದ್ದಕ್ಕೆ ಆ ಹುಡುಗ ಹಂಡೆಯಣ್ಣನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ. ಸ್ವಲ್ಪ ದಿನ ತಾನೇ ಅಣ್ಣ, ಕೂಸು ನಡೆಯೋವರೆಗೆ, ಎಂದ. ಹಂಡೆಯಣ್ಣ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಮನೆಗೆ ಬಂದ. ನಮ್ಮ ಥರಾನೇ ಕಣೇ ಅವರೂ, ಎಂದು ಹೆಂಡತಿಗೆ ಹೇಳಿದ. ಅವಳು ತಲೆಯಾಡಿಸಿದಳು.

ಈಗ ಅವರು ಎದುರಾಗುವುದು ಬೆಳಗ್ಗೆ. ಅವಳು ರಾತ್ರಿ ಮುಗಿಸಿ ಬರುವಾಗ ಅವನು ಹಗಲಿಗೆ ಹೊರಟಿರುತ್ತಾನೆ. ಹೊತ್ತು ಬದಲಾದರೂ ಮೊದಲಿನ ಹಾಗೇ ಅವನು ಎಡಕ್ಕೆ, ಅವಳು ಬಲಕ್ಕೆ. ಒಂದು ವ್ಯತ್ಯಾಸ ಮಾತ್ರ ಇದೆ. ಅವರು ನಿಲ್ಲುತ್ತಾರೆ. ಸೇತುವೆಯ ನಡುವೆ, ಕಂಬಿಗೆ ಒರಗಿ, ಕಾರ್ಖಾನೆ ಕೂಗುವವರೆಗೆ ನಿಂತು ಹಾಳು ಹರಟೆ ಹೊಡೆಯುತ್ತಾರೆ. ಹಿಂದಿನವರು ಬೈಯುತ್ತಾರೆ, ಬೈದು ಬೈದು ಅಭ್ಯಾಸವಾಗಿ ಈಗ ಸುತ್ತಿ ಹೋಗುತ್ತಾರೆ.

ಅವನ ಕೈಯ ಬಟ್ಟೆ ಬಿಚ್ಚಿದ ಮೇಲಿನ ಒಂದು ಬೆಳಗ್ಗೆ ಅವನು ಒಂದು ಟವೆಲಿನ ಗಂಟು ಹಿಡಿದುಕೊಂಡು ಬಂದ. ಬಿಚ್ಚಿದರೆ ಒಂದು ಮುದ್ದೆ ಮೇಣ, ಮನೆಯ ಒಲೆಯ ಮೇಲೆ ಕಾಯಿಸಿ, ಆರದ ಹಾಗೆ ಸುತ್ತಿ ತಂದದ್ದು. ಇನ್ನೂ ಮೆತ್ತಗಿತ್ತು.

"ನಿನ್ನ ಕೈ ಇಲ್ಲಿಡು."

ಅವಳು ಒಂದು ಬದಿಯಲ್ಲಿ ಅಂಗೈ ಒತ್ತಿದಳು, ಅವನು ಇನ್ನೊಂದು ಬದಿಯಲ್ಲಿ ಒತ್ತಿದ. ನಡುವೆ ಬಿಸಿಯಿತ್ತು. ಮೇಣ ಗಟ್ಟಿಯಾಗುವವರೆಗೆ ಇಬ್ಬರೂ ಕೈ ತೆಗೆಯಲಿಲ್ಲ. ಕೆಳಗೆ ಕಲ್ಲಿದ್ದಲ ಗಾಡಿಯೊಂದು ನಿಧಾನವಾಗಿ ಹಾದುಹೋಯಿತು. ಆಮೇಲೆ ಕಾರ್ಖಾನೆ ಕೂಗಿತು, ಅವನು ಹೋದ.

ಮನೆಗೆ ಬಂದು ಅವಳು ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಅಂಗೈಯ ಗೆರೆಗಳೆಲ್ಲ ಮೂಡಿದ್ದವು. ಅವನ ಬೆರಳುಗಳು ಮೂಡಿದ್ದವು, ಅಂಗೈ ಇರಬೇಕಾದ ಕಡೆ ಮಾತ್ರ ಗೆರೆಯಿಲ್ಲದೆ ನುಣ್ಣಗಿತ್ತು. ಗೆರೆಗಳನ್ನು ಉಗಿ ಅಳಿಸಿಹಾಕಿತ್ತು. ಅವಳು ಆ ನುಣುಪಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ವಲ್ಪ ಹೊತ್ತು ಅತ್ತಳು. ಮುದ್ದೆಯನ್ನು ಬರಿದಾದ ಹಲಗೆಯ ಮೇಲಿಟ್ಟಳು. ಆಮೇಲೆ ಹೊರಗೆ ಬಂದಳು. ಮೆಟ್ಟಿಲ ಮೇಲೆ ಎಳೆಬಿಸಿಲು ಬಿದ್ದಿತ್ತು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.